ಲಾಮಾ ಬರೆದುಕೊಟ್ಟು ಹೊರಡುವ ಮುನ್ನ: ಸಹಿಗೆ ಎಷ್ಟು ಬೆಲೆ, ಅಪಾಯ ಯಾವ ಹೊತ್ತಿನಲ್ಲಿ, ಬೇರೆ ದಾರಿ ಯಾವುದು

ಮಂಗಳೂರು, ಉಡುಪಿ, ಮಣಿಪಾಲದ ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ‘ಲಾಮಾ’ ಎಂಬ ಮಾತು ಕಿವಿಗೆ ಬೀಳುತ್ತದೆ. ಇನ್ನೂ ಕೆಲವು ದಿನ ಇರಬೇಕು ಎಂದು ವೈದ್ಯರು ಹೇಳುತ್ತಿರುವಾಗಲೇ ರೋಗಿಯೋ ಮನೆಯವರೋ ‘ನಮ್ಮ ಜವಾಬ್ದಾರಿಯಲ್ಲಿ ಕರೆದುಕೊಂಡು ಹೋಗುತ್ತೇವೆ’ ಎಂದು ಬರೆದುಕೊಟ್ಟು ಹೊರಟರೆ ಅದು ಲಾಮಾ, ಅಂದರೆ ‘ಲೆಫ್ಟ್ ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್’, ವೈದ್ಯರ ಸಲಹೆ ಮೀರಿ ಹೊರಟದ್ದು. ಕೆಲವು ಆಸ್ಪತ್ರೆಗಳ ಫಾರ್ಮಿನಲ್ಲಿ ಡಾಮಾ ಎಂದಿರುತ್ತದೆ, ಎರಡೂ ಒಂದೇ. ಕೋರಿಕೆಯ ಮೇಲಿನ ಡಿಸ್ಚಾರ್ಜ್ ಬೇರೆ. ಅಲ್ಲಿ ತಕ್ಷಣದ ಅಪಾಯವಿಲ್ಲ ಎಂದು ವೈದ್ಯರೂ ಒಪ್ಪಿರುತ್ತಾರೆ. ವೈದ್ಯರೇ ಪತ್ರ ಕೊಟ್ಟು ಇನ್ನೊಂದು ಆಸ್ಪತ್ರೆಗೆ ಕಳಿಸಿದರೆ ಅದು ರೆಫರಲ್. ಹೇಳದೆ ಕೇಳದೆ ಎದ್ದು ಹೋದರೆ ಕೇಸ್ ಶೀಟಿನಲ್ಲಿ ‘ನಾಪತ್ತೆ’ ಎಂದು ದಾಖಲಾಗುತ್ತದೆ. ಈ ನಾಲ್ಕರಲ್ಲಿ ಯಾವುದು ನಿಮ್ಮ ಕಾಗದದಲ್ಲಿ ಬರೆದಿದೆ ಎನ್ನುವುದರ ಮೇಲೆ ಮುಂದಿನ ಚಿಕಿತ್ಸೆ, ವಿಮೆ, ಸರ್ಕಾರಿ ಯೋಜನೆಯ ಸೌಲಭ್ಯ ಎಲ್ಲವೂ ನಿಂತಿರುತ್ತದೆ.

ಪೂರ್ತಿ ಎಚ್ಚರವಿರುವ, ವಿಷಯ ಅರ್ಥವಾಗುವ ವಯಸ್ಕ ರೋಗಿಗೆ ಆಸ್ಪತ್ರೆ ಬಿಟ್ಟು ಹೊರಡುವ ಹಕ್ಕಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಡಲು ಜನ ಕೊಡುವ ಕಾರಣಗಳಲ್ಲಿ ಹೆಚ್ಚಿನವಕ್ಕೆ ಲಾಮಾಕ್ಕಿಂತ ಒಳ್ಳೆಯ ದಾರಿ ಇದೆ. ಉಳಿದವುಗಳಲ್ಲಿ, ಹೊರಡುವ ಹೊತ್ತನ್ನು ಒಂದು ದಿನ ಮುಂದೂಡಿದರೆ ಜೀವ ಉಳಿಯುವ ಸಂದರ್ಭಗಳು ಬಹಳ. ಇವೆರಡನ್ನೂ ಬಿಡಿಸಿ ಹೇಳುವವರು ವಾರ್ಡಿನ ಗಡಿಬಿಡಿಯಲ್ಲಿ ಸಿಗುವುದು ಕಷ್ಟ.

ಸಹಿ ಹಾಕಿದರೆ ಏನಾಗುತ್ತದೆ

‘ಒಮ್ಮೆ ಸಹಿ ಹಾಕಿದರೆ ಇನ್ನು ಈ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುವುದಿಲ್ಲ’ ಎಂಬ ಭಯ ನಮ್ಮ ಕಡೆ ಬಲವಾಗಿ ಬೇರೂರಿದೆ. ಮನೆಗೆ ಹೋದ ರಾತ್ರಿಯೇ ಉಸಿರಾಟ ಹೆಚ್ಚಾದರೂ ‘ಯಾವ ಮುಖ ಇಟ್ಟುಕೊಂಡು ಹೋಗುವುದು’ ಎಂದು ಬೆಳಗಿನವರೆಗೆ ಕಾಯುವವರಿದ್ದಾರೆ. ಹಾಗೆ ಕಾಯಬೇಡಿ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಚಿಕಿತ್ಸೆ ಕೊಡುವುದು ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಹಿಂದೆ ಕೊಟ್ಟ ಲಾಮಾ ಸಹಿ ಅದನ್ನು ಅಳಿಸುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಆಸ್ಪತ್ರೆಯವರಲ್ಲೂ ಇದೆ: ಸಹಿ ಸಿಕ್ಕಿತು, ನಮ್ಮ ಹೊಣೆ ಮುಗಿಯಿತು ಎಂದು. ಸಹಿ ಒಂದು ಸಾಕ್ಷಿ ಅಷ್ಟೇ. ರೋಗ ಏನು, ಯಾವ ಚಿಕಿತ್ಸೆ ಬಾಕಿ ಇದೆ, ಈಗ ಹೋದರೆ ನಿರ್ದಿಷ್ಟವಾಗಿ ಏನಾಗಬಹುದು, ಬೇರೆ ಯಾವ ಉಪಾಯವಿದೆ ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ್ದರೆ ಮಾತ್ರ ಅದಕ್ಕೆ ಬೆಲೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವವರಿಂದ ತುಂಬಿದ ವಾರ್ಡಿನಲ್ಲಿ ಇಂಗ್ಲಿಷ್ ಫಾರ್ಮು ಮುಂದಿಟ್ಟು ‘ಇಲ್ಲಿ ಹಾಕಿ’ ಎಂದು ಬೆರಳು ತೋರಿಸಿದರೆ ಅದು ವಿವರಣೆ ಎನಿಸಿಕೊಳ್ಳುವುದಿಲ್ಲ. ಫಾರ್ಮಿನಲ್ಲಿ ‘ಪ್ರಾಣಾಪಾಯ ಇರಬಹುದು’ ಎಂಬ ಅಚ್ಚಾದ ಒಂದೇ ಸಾಲಿದ್ದರೆ, ನಿಮ್ಮ ರೋಗಕ್ಕೆ ಸಂಬಂಧಿಸಿದ ಅಪಾಯವನ್ನು ಕೈಯಲ್ಲಿ ಬರೆಸಿ. ದಿನಾಂಕ, ಗಂಟೆ, ವೈದ್ಯರ ಹೆಸರು ತುಂಬಿದ ಮೇಲೆ ಸಹಿ ಹಾಕಿ. ಖಾಲಿ ಫಾರ್ಮಿಗೆ ಬೇಡ. ಸಹಿ ಹಾಕಲು ನೀವು ಒಪ್ಪದಿದ್ದರೂ ನಿಮ್ಮನ್ನು ಕೂಡಿಹಾಕುವಂತಿಲ್ಲ. ಸಹಿ ನಿರಾಕರಿಸಿದರು ಎಂದು ವೈದ್ಯರು ಸಾಕ್ಷಿಯ ಜೊತೆ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಾರೆ.

ಹುಷಾರಾದ ಹಾಗೆ ಕಾಣುವ ಹೊತ್ತು

‘ಈಗ ಹುಷಾರಿದ್ದಾರಲ್ಲ ಡಾಕ್ಟ್ರೇ, ಮನೆಯಲ್ಲಿ ದನ ಉಂಟು, ನೋಡ್ಲಿಕ್ಕೆ ಜನ ಇಲ್ಲ.’ ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ತೊಂದರೆ ಏನೆಂದರೆ, ಕೆಲವು ರೋಗಗಳು ನಡುವೆ ಒಮ್ಮೆ ಬಿಡುವು ಕೊಟ್ಟು ಆಮೇಲೆ ಕಚ್ಚುತ್ತವೆ. ಕರಾವಳಿಯಲ್ಲಿ ಪದೇ ಪದೇ ಕಾಣುವ ಕೆಲವನ್ನಾದರೂ ಎಲ್ಲರೂ ತಿಳಿದಿರಬೇಕು.

ಮೊದಲನೆಯದು ಡೆಂಗಿ. ಜ್ವರ ಶುರುವಾಗಿ ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾಗುತ್ತದೆ. ಮನೆಯವರು ಹೊರಡಲು ಬ್ಯಾಗ್ ಕಟ್ಟುವುದು ಆಗಲೇ. ವೈದ್ಯರು ಹೆಚ್ಚು ಹೆದರುವುದೂ ಆಗಲೇ. ರಕ್ತನಾಳಗಳಿಂದ ನೀರಿನಂಶ ಸೋರಿ ಹೊಟ್ಟೆಗೂ ಎದೆಗೂ ಇಳಿಯುವುದು ಜ್ವರ ಬಿಟ್ಟ ಆ 24ರಿಂದ 48 ಗಂಟೆಗಳಲ್ಲಿ. ಎಲ್ಲರ ಕಣ್ಣು ಪ್ಲೇಟ್ಲೆಟ್ ಮೇಲಿರುತ್ತದೆ, ಪಪ್ಪಾಯಿ ಎಲೆಯ ರಸದ ಮಾತೂ ಬರುತ್ತದೆ. ಆದರೆ ಸೋರಿಕೆಯನ್ನು ತೋರಿಸುವುದು ರಕ್ತ ಪರೀಕ್ಷೆಯ ಪಿಸಿವಿ ಸಾಲು, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಪಿಸಿವಿ ಏರುತ್ತಾ ಪ್ಲೇಟ್ಲೆಟ್ ಸರಸರನೆ ಇಳಿಯುತ್ತಿದ್ದರೆ, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಅಥವಾ ಚಡಪಡಿಕೆ ಇದ್ದರೆ ಅದು ಹೊರಡುವ ದಿನ ಖಂಡಿತ ಅಲ್ಲ. ಜ್ವರದ ಮಾತ್ರೆಯಿಲ್ಲದೆ ಎರಡು ದಿನ ಜ್ವರ ಬಾರದೆ, ಡ್ರಿಪ್ ಇಲ್ಲದೆ ಪಿಸಿವಿ ಸ್ಥಿರವಾಗಿದ್ದು, ಊಟ ಸೇರುತ್ತಿದ್ದು, ಪ್ಲೇಟ್ಲೆಟ್ ಏರುಮುಖವಾದರೆ ಹೋಗಬಹುದು.

ವಿಷ ಸೇವನೆಯ ಪ್ರಕರಣಗಳಲ್ಲಿ ಲಾಮಾ ಇನ್ನೂ ಹೆಚ್ಚು ಜೀವ ತೆಗೆಯುತ್ತದೆ. ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಗುಂಪಿನದನ್ನು ಕುಡಿದವರಿಗೆ ಅಟ್ರೋಪಿನ್ ಕೊಟ್ಟಾಗ ಬಾಯಿನೀರು, ಬೆವರು, ಕಫ ಎಲ್ಲ ನಿಂತು ರೋಗಿ ಮಾತಾಡತೊಡಗುತ್ತಾರೆ. ಅದಾಗಿ, ವಿಷ ಹೊಟ್ಟೆಗೆ ಹೋದ 24ರಿಂದ 96 ಗಂಟೆಗಳ ನಡುವೆ, ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಸೋಲಬಹುದು. ಮೊದಲ ಸುಳಿವು ಬಹಳ ಸಣ್ಣದು: ಮಲಗಿದವರಿಗೆ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ವಾರ್ಡಿನಲ್ಲಿ ‘ತಲೆ ಎತ್ತಿ ನೋಡುವ’ ಎಂದು ಗಂಟೆಗೊಮ್ಮೆ ಹೇಳಿಸುವುದು, ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾರೆ ನೋಡುವುದು ಇದಕ್ಕಾಗಿ. ಮನೆಯಲ್ಲಿ ಇದು ಆದರೆ ವೆಂಟಿಲೇಟರ್ ತಲುಪುವಷ್ಟು ಸಮಯ ಸಿಗದೆ ಹೋಗಬಹುದು. ಟ್ಯೂಬಿನಲ್ಲಿ ಬರುವ, ಹಳದಿ ರಂಜಕವಿರುವ ಇಲಿ ಪಾಷಾಣ ಇನ್ನೂ ಮೋಸದ್ದು. ಮೊದಲ ದಿನ ವಾಂತಿ, ಹೊಟ್ಟೆ ಉರಿ. ಎರಡನೇ, ಮೂರನೇ ದಿನ ಏನೂ ಇಲ್ಲ. ಆಮೇಲೆ ಕಣ್ಣು ಹಳದಿಯಾಗಿ ಲಿವರ್ ಕೈಕೊಡುತ್ತದೆ. ಆ ನಡುವಿನ ದಿನಗಳಲ್ಲಿ ‘ಸ್ವಲ್ಪವೇ ತಿಂದದ್ದು, ಎಂತ ಆಗುದಿಲ್ಲ’ ಎಂದು ಕರೆದುಕೊಂಡು ಹೋದವರು ವಾರದೊಳಗೆ ಐಸಿಯುವಿಗೆ ಮರಳುತ್ತಾರೆ.

ಇಲ್ಲಿ ಹೊರಡಲು ಅವಸರಪಡಿಸುವುದು ಎಷ್ಟೋ ಸಲ ಪೊಲೀಸ್ ಕೇಸಿನ ಭಯ, ಊರಿನವರ ಬಾಯಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷೆಗೆ ಗುರಿಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಮೊದಲಿನ ರೂಪದಲ್ಲಿ ಉಳಿದಿಲ್ಲ. ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಹೇಳಿಕೆ ಬರೆದುಕೊಳ್ಳುತ್ತಾರೆ, ಹೆಚ್ಚಾಗಿ ಅಷ್ಟಕ್ಕೇ ನಿಲ್ಲುತ್ತದೆ. ದೈಹಿಕ ಅಪಾಯ ದಾಟಿದ ಮೇಲೂ ಮನೋವೈದ್ಯರು ಒಮ್ಮೆ ನೋಡದೆ ಹೊರಡಬಾರದು. ಮನೆಗೆ ಹೋದ ಮೇಲೆ ಮಾತಾಡಲು ಟೆಲಿ-ಮಾನಸ್ 14416 ದಿನದ 24 ಗಂಟೆಯೂ ಕನ್ನಡದಲ್ಲಿ ಸಿಗುತ್ತದೆ.

ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಆದ ಮೇಲೆ ಎದೆನೋವು ಪೂರ್ತಿ ಹೋಗಬಹುದು. ಆದರೂ ಎದೆಬಡಿತ ಏಕಾಏಕಿ ದಾರಿತಪ್ಪುವ ಅಪಾಯ ಮೊದಲ 48 ಗಂಟೆಗಳಲ್ಲೇ ಹೆಚ್ಚು, ಮತ್ತು 3ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಮಾಡಿಸುವುದು ಕ್ರಮ. ಕೊಳಕುಮಂಡಲ ಕಚ್ಚಿದವರ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ಆರು ಗಂಟೆಗೊಮ್ಮೆ ನೋಡುತ್ತಾರೆ. ಒಮ್ಮೆ ಸರಿಯಾದದ್ದು ಮತ್ತೆ ಕೆಡುವುದುಂಟು. ತಲೆಗೆ ಪೆಟ್ಟು ಬಿದ್ದವರು ಎಚ್ಚರವಾಗಿ ಚಹಾ ಕುಡಿದು, ಕೆಲವು ಗಂಟೆ ಬಿಟ್ಟು ತಲೆಬುರುಡೆಯೊಳಗಿನ ರಕ್ತಸ್ರಾವದಿಂದ ಪ್ರಜ್ಞೆ ತಪ್ಪಬಹುದು. ನವಜಾತ ಶಿಶುವಿನ ಕಾಮಾಲೆ ಏರುವುದು ಮೂರರಿಂದ ಐದನೇ ದಿನ, ಅಂದರೆ ನಾಮಕರಣದ ಯೋಚನೆಯಲ್ಲಿ ಬಾಣಂತಿಯನ್ನು ಬೇಗ ಮನೆಗೆ ಕರೆತರುವ ದಿನಗಳಲ್ಲಿ. ಮಂಗಳೂರಿಗೆ ಹಳೆಯ ನಂಟಿರುವ ವೈವ್ಯಾಕ್ಸ್ ಮಲೇರಿಯಾದಲ್ಲಿ ಬೇಗ ಹೊರಡುವುದು ಅಷ್ಟು ಅಪಾಯವಲ್ಲ. ಆದರೆ 14 ದಿನದ ಪ್ರೈಮಾಕ್ವಿನ್ ಮಾತ್ರೆ ಬಿಟ್ಟರೆ ಲಿವರಿನಲ್ಲಿ ಅಡಗಿದ ಪರಾವಲಂಬಿ ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ.

ಯಾರ ಸಹಿ, ಯಾವ ಸ್ಥಿತಿಯಲ್ಲಿ

ನಮ್ಮಲ್ಲಿ ಫಾರ್ಮಿಗೆ ಸಹಿ ಹಾಕುವುದು ಮಗನೋ ಅಳಿಯನೋ. ರೋಗಿ ಹಾಸಿಗೆಯಲ್ಲಿ ಎಚ್ಚರವಾಗಿಯೇ ಇರುತ್ತಾರೆ, ಅವರನ್ನು ಯಾರೂ ಕೇಳಿರುವುದಿಲ್ಲ. ಇದು ಸರಿಯಲ್ಲ. ವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತ್ತು. ಚಿಕಿತ್ಸೆ ಬೇಡ ಎನ್ನುವ ತೀರ್ಮಾನಕ್ಕೂ ಅದೇ ನ್ಯಾಯ. ‘ಅಮ್ಮಾ, ನಿಮಗೆ ಇರಬೇಕು ಅಂತ ಉಂಟಾ, ಹೋಗಬೇಕು ಅಂತ ಉಂಟಾ’ ಎಂದು ವೈದ್ಯರು ಸಂಬಂಧಿಕರನ್ನು ಐದು ನಿಮಿಷ ಹೊರಗೆ ಕಳಿಸಿ ಕೇಳಬೇಕು. ಬಿಲ್ಲು ಯಾರ ತಲೆ ಮೇಲೆ ಬೀಳುತ್ತದೆ ಎಂಬ ಸಂಕೋಚದಲ್ಲಿ ಹೋಗುತ್ತೇನೆ ಎನ್ನುವ ಹಿರಿಯರು ಎಷ್ಟೋ ಮಂದಿ.

ಹೋಗುತ್ತೇನೆ ಎನ್ನುವುದೇ ರೋಗದ ಲಕ್ಷಣವಾಗಿರುವುದೂ ಉಂಟು. ದಿನಾ ಕುಡಿಯುವವರು ಕಾಲು ಮುರಿದೋ ಮೇದೋಜೀರಕ ಗ್ರಂಥಿ ಊದಿಕೊಂಡೋ ಸೇರಿದರೆ, ಕೊನೆಯ ಗ್ಲಾಸಿನ ಆರೆಂಟು ಗಂಟೆಯಿಂದ ಕೈ ನಡುಗತೊಡಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಭ್ರಮೆ ಹಿಡಿಯುತ್ತದೆ. ರಾತ್ರಿ ಡ್ರಿಪ್ ಕಿತ್ತು ‘ನಾನು ಹೋಗ್ತೇನೆ’ ಎಂದು ಹಟ ಹಿಡಿಯುವವರು ಅಷ್ಟು ಹೊತ್ತಿಗೆ ಯೋಚಿಸಿ ತೀರ್ಮಾನಿಸುವ ಸ್ಥಿತಿಯಲ್ಲಿರುವುದಿಲ್ಲ. ಅವರ ಸಹಿ ಪಡೆದು ಕಳಿಸುವುದು ತಪ್ಪು. ಬೇಕಿರುವುದು ವಿಟಮಿನ್ ಬಿ1 ಮತ್ತು ನಿದ್ರೆ ತರಿಸಿ ನಡುಕ ತಗ್ಗಿಸುವ ಔಷಧ. ಸೇರುವಾಗಲೇ ಕುಡಿತದ ಲೆಕ್ಕವನ್ನು ಮುಚ್ಚಿಡದೆ ಹೇಳಿದರೆ ಇದನ್ನು ಮೊದಲ ದಿನವೇ ತಡೆಯಬಹುದು. ಸಕ್ಕರೆ ಇಳಿದವರು, ಸೋಡಿಯಂ ಕಡಿಮೆಯಾದ ಮುದುಕರು, ಮಿದುಳಿಗೆ ಸೋಂಕು ತಗುಲಿದವರ ವಿಷಯವೂ ಇದೇ.

ಸ್ವಂತ ಇಚ್ಛೆಯಿಂದ ಮನೋರೋಗ ವಿಭಾಗಕ್ಕೆ ಸೇರಿದವರು ಹೊರಡುತ್ತೇನೆ ಎಂದರೆ, ಅಪಾಯವಿದೆ ಎನಿಸಿದಲ್ಲಿ ಪರಿಶೀಲನೆಗಾಗಿ 24 ಗಂಟೆಯವರೆಗೆ ನಿಲ್ಲಿಸಿಕೊಳ್ಳಲು 2017ರ ಕಾಯ್ದೆ ಅವಕಾಶ ಕೊಟ್ಟಿದೆ. 18 ತುಂಬದ ಮಕ್ಕಳಲ್ಲಿ ಸಹಿ ಪೋಷಕರದ್ದು. ಆದರೆ ಮಗುವಿನ ಜೀವಕ್ಕೇ ಅಪಾಯವಿರುವಾಗ ವೈದ್ಯರು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು, ತಿಳಿಸಬೇಕು ಕೂಡ.

ದುಡ್ಡು ಸಾಲದಾದಾಗ

ಹೆಚ್ಚಿನ ಲಾಮಾಗಳ ಬುಡದಲ್ಲಿರುವುದು ಇದೇ, ಬಾಯಿಬಿಟ್ಟು ಹೇಳುವವರು ಕಡಿಮೆ. ‘ಮನೆಯಲ್ಲಿ ಕಾರ್ಯಕ್ರಮ ಉಂಟು’ ಎಂಬ ಮಾತಿನ ಹಿಂದೆ ಅಡವಿಟ್ಟ ಬಳೆ ಇರುತ್ತದೆ. ವೈದ್ಯರಿಗೆ ನೇರವಾಗಿ ಹೇಳಿ: ಇಷ್ಟೇ ಸಾಧ್ಯ, ಇದರಲ್ಲಿ ಏನು ಮಾಡಬಹುದು? ಐಸಿಯುವಿನಿಂದ ಜನರಲ್ ವಾರ್ಡಿಗೆ ಹಾಕಲು ಆಗುತ್ತದೆಯೇ, ಯಾವ ಪರೀಕ್ಷೆ ಕಾಯಬಹುದು, ರಕ್ತನಾಳದ ಆಂಟಿಬಯಾಟಿಕ್ ಬದಲು ಮಾತ್ರೆ ಸಾಕಾಗುತ್ತದೆಯೇ ಎಂಬುದಕ್ಕೆ ಉತ್ತರ ಇರುತ್ತದೆ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತಿನಲ್ಲಿ ನೇರ ಸೇರಬಹುದು. ಬಿಲ್ಲು ಏರಿದ ಮೇಲೆ ಕಾರ್ಡು ತೋರಿಸಿದರೆ ಕೆಲಸ ಕೆಡುತ್ತದೆ, ಏಕೆಂದರೆ ಮುಂಗಡ ಅನುಮತಿ ಚಿಕಿತ್ಸೆಗೆ ಮೊದಲೇ ಹೋಗಬೇಕು. ಸೇರಿದ ದಿನವೇ ಪಡಿತರ ಚೀಟಿ, ಆಧಾರ್ ಹಿಡಿದು, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಮೇಜಿಗೆ ಹೋಗಿ. ಇಲ್ಲಿನ ಅನೇಕ ಮನೆಗಳಲ್ಲಿರುವ ಖಾಸಗಿ ಆಸ್ಪತ್ರೆಯ ಆರೋಗ್ಯ ಕಾರ್ಡು ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತದೆ, ಅದು ವಿಮೆಯಲ್ಲ. ವಿಮೆ ಇದ್ದವರು ಲಾಮಾ ಎಂದು ಬರೆದರೆ ಕ್ಲೇಮು ತಾನಾಗಿ ಸತ್ತುಹೋಗುತ್ತದೆ ಎಂದು ಹೆದರಬೇಕಿಲ್ಲ, ಆದರೆ ಸಹಿಗೆ ಮೊದಲು ವಿಮಾ ಡೆಸ್ಕಿನಲ್ಲಿ ಕೇಳಿ. ಪ್ರಶ್ನೆ ಬಂದರೆ ಉತ್ತರಿಸಲು ಡಿಸ್ಚಾರ್ಜ್ ಸಮ್ಮರಿ ಬೇಕಾಗುತ್ತದೆ.

ಖರ್ಚು ಸಾಧ್ಯವೇ ಇಲ್ಲ ಎಂದಾದರೆ ದಕ್ಷಿಣ ಕನ್ನಡದಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ, ಹೆರಿಗೆ ಮತ್ತು ಸ್ತ್ರೀರೋಗಕ್ಕೆ ಲೇಡಿಗೋಶನ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇವೆ. ಅಲ್ಲಿಗೆ ಹೋಗುವಾಗ ಲಾಮಾ ಬೇಡ, ರೆಫರಲ್ ಕೇಳಿ. ರೆಫರಲ್ ಆದರೆ ಇಲ್ಲಿನ ವೈದ್ಯರು ಅಲ್ಲಿಗೆ ಫೋನ್ ಮಾಡಿ ಹಾಸಿಗೆ, ವೆಂಟಿಲೇಟರ್ ಖಾಲಿ ಇದೆಯೇ ನೋಡುತ್ತಾರೆ, ಪತ್ರದಲ್ಲಿ ಈವರೆಗಿನ ಚಿಕಿತ್ಸೆ ಬರೆಯುತ್ತಾರೆ. ಲಾಮಾ ಹಿಡಿದು ಹೋದವರು ಮೂರು ಆಸ್ಪತ್ರೆಯ ಗೇಟು ಸುತ್ತುವುದನ್ನು ಆಂಬ್ಯುಲೆನ್ಸ್ ಚಾಲಕರನ್ನು ಕೇಳಿದರೆ ಹೇಳಿಯಾರು. ಬಿಲ್ಲಿನ ತಕರಾರಿಗಾಗಿ ರೋಗಿಯನ್ನು ತಡೆದಿಟ್ಟರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ದಾರಿಯ ಲೆಕ್ಕ

ದೊಡ್ಡ ಆಸ್ಪತ್ರೆಗೆ ಒಯ್ಯುತ್ತೇವೆ ಎನ್ನುವವರು ಆಕ್ಸಿಜನ್ನಿನ ಲೆಕ್ಕವನ್ನು ತಾವೇ ಹಾಕಿ ನೋಡಬೇಕು. ಆಂಬ್ಯುಲೆನ್ಸಿನ ಬಿ-ಟೈಪ್ ಸಿಲಿಂಡರು ತುಂಬಿದ್ದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದವರಿಗೆ ಅದು ಎರಡೂವರೆ ಗಂಟೆ, 15 ಲೀಟರ್ ಆದರೆ ನೂರೇ ನಿಮಿಷ. ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ಒಂದು ಸಿಲಿಂಡರು ಸಾಕು, ಜೊತೆಗೆ ಇನ್ನೊಂದು ಇರಲಿ. ಬೆಂಗಳೂರಿಗೆ ಏಳೆಂಟು ಗಂಟೆ ಹಿಡಿದರೆ 10 ಲೀಟರಿನಲ್ಲೇ ಸುಮಾರು ಮೂರು ಮುಗಿಯುತ್ತವೆ. ಐದು ಇಲ್ಲದೆ ಹೊರಡಬೇಡಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಚಾರ್ಮಾಡಿಗೆ ತಿರುಗಬೇಕಾದೀತು, ಅದನ್ನೂ ಸೇರಿಸಿ. ಹೊರಡುವ ಮೊದಲು ಸಿಲಿಂಡರಿನ ಗೇಜಿನ ಮುಳ್ಳನ್ನು ಕಣ್ಣಾರೆ ನೋಡಿ.

ಇನ್ನು ಏನೂ ಉಳಿದಿಲ್ಲ ಎಂದಾಗ

ಐಸಿಯುವಿನಿಂದ ಆಗುವ ಲಾಮಾಗಳಲ್ಲಿ ಒಂದು ಬಗೆ ಬೇರೆಯೇ. ಗುಣವಾಗುವ ಆಸೆ ಇಲ್ಲ, ಕೊನೆಯುಸಿರು ಮನೆಯಲ್ಲಿ ಹೋಗಲಿ ಎಂದು ಮನೆಯವರು ಬಯಸುತ್ತಾರೆ. ಆ ಬಯಕೆ ಪೂರ್ತಿ ನ್ಯಾಯವಾದದ್ದು. ಅದನ್ನು ಲಾಮಾ ಫಾರ್ಮಿನಲ್ಲಿ ತುರುಕುವುದರಿಂದ ಆಗುವ ಸಂಕಟ ದೊಡ್ಡದು: ಮಗನ ಕೈಗೆ, ಒತ್ತಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೊಟ್ಟು ಕಳಿಸುತ್ತಾರೆ, ಅಂಗಳದಲ್ಲಿ ಟ್ಯೂಬು ತೆಗೆಯುತ್ತಾರೆ, ನೋವಿಗೂ ಏದುಸಿರಿಗೂ ಔಷಧವಿರುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, 2023ರ ಜನವರಿಯಲ್ಲಿ ವೆಂಟಿಲೇಟರಿನಂಥ ಜೀವಾಧಾರದ ಚಿಕಿತ್ಸೆ ನಿಲ್ಲಿಸುವ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಜಾರಿಗೆ ಆದೇಶ ಹೊರಡಿಸಿತು. ಚಿಕಿತ್ಸೆ ಕೊಡುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರ ಮೊದಲ ಮಂಡಳಿ, ಜಿಲ್ಲಾ ಆರೋಗ್ಯಾಧಿಕಾರಿಯ ಕಡೆಯ ಒಬ್ಬ ವೈದ್ಯರಿರುವ ಎರಡನೇ ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಪ್ರತಿ. ಪ್ರತಿ ಮಂಡಳಿಯ ಅಭಿಪ್ರಾಯ 48 ಗಂಟೆಯೊಳಗೆ ಬರಬೇಕು ಎಂಬುದು ಆಶಯ. ವೆಂಟಿಲೇಟರ್ ಇಲ್ಲದ ರೋಗಿಯಾದರೆ ನೋವು, ಸಂಕಟ ತಗ್ಗಿಸುವ ಉಪಶಾಮಕ (ಪ್ಯಾಲಿಯೇಟಿವ್) ವಿಭಾಗದ ವೈದ್ಯರನ್ನು ಕರೆಸಿ, ಮಾರ್ಫಿನ್ ಪ್ರಮಾಣ, ಮನೆಗೆ ಬಂದು ನೋಡುವ ನರ್ಸು, ಫೋನ್ ನಂಬರು ಎಲ್ಲ ಗೊತ್ತು ಮಾಡಿಕೊಂಡು ಮನೆಗೆ ಹೋಗಬಹುದು.

ಅಪಘಾತ, ವಿಷ, ಸುಟ್ಟಗಾಯದ ರೋಗಿ ಲಾಮಾ ಆಗಿ ಮನೆಯಲ್ಲಿ ತೀರಿಕೊಂಡರೆ ಪೊಲೀಸರಿಗೆ ತಿಳಿಸದೆ, ಮರಣೋತ್ತರ ಪರೀಕ್ಷೆ ಆಗದೆ ಅಂತ್ಯಕ್ರಿಯೆ ಮಾಡುವಂತಿಲ್ಲ. ಅಪಘಾತದ ಪರಿಹಾರಕ್ಕೂ ಆ ವರದಿಯೇ ಆಧಾರ. ಸಹಜ ಸಾವಾದರೆ 21 ದಿನದೊಳಗೆ ಪಂಚಾಯತಿನಲ್ಲೋ ಪಾಲಿಕೆಯಲ್ಲೋ ನೋಂದಾಯಿಸಿ. ಆಗ ರೋಗದ ಹೆಸರಿರುವ ಡಿಸ್ಚಾರ್ಜ್ ಸಮ್ಮರಿ ಕೆಲಸಕ್ಕೆ ಬರುತ್ತದೆ.

ಹೊರಡುವುದೇ ಆದರೆ

ಲಾಮಾ ಆದವರಿಗೂ ಡಿಸ್ಚಾರ್ಜ್ ಸಮ್ಮರಿ ಮತ್ತು ಔಷಧದ ಚೀಟಿ ಸಿಗಬೇಕು. ಸಮ್ಮರಿಯಲ್ಲಿ ರೋಗದ ಹೆಸರು, ಆಂಟಿಬಯಾಟಿಕ್ ಎಷ್ಟನೇ ದಿನ, ಪ್ರತಿ ಔಷಧದ ಕೊನೆಯ ಡೋಸ್ ಎಷ್ಟು ಗಂಟೆಗೆ, ಬರಬೇಕಾದ ವರದಿಗಳು ಯಾವುವು ಎಂದು ಇದೆಯೇ ನೋಡಿ. ಯಾವ ರೋಗಾಣು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತೋರಿಸುವ ಕಲ್ಚರ್ ವರದಿಗೆ ಎರಡು ಮೂರು ದಿನ ಹಿಡಿಯುತ್ತದೆ; ನೀವು ಮನೆ ತಲುಪಿದ ಮೇಲೆ ಬರುವ ಆ ಕಾಗದವೇ ನಿಮ್ಮ ಮಾತ್ರೆ ಸರಿಯೋ ತಪ್ಪೋ ಎಂದು ಹೇಳುವುದು. ಯಾರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಳ್ಳಿ. ಎಕ್ಸರೇ, ಸಿಟಿಯ ಸಿಡಿ ಕೇಳಿ. ಪೂರ್ತಿ ಕೇಸ್ ಶೀಟಿನ ಪ್ರತಿಗೆ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ.

ಕೈಯಲ್ಲಿರುವ ಸೂಜಿನಳಿಕೆಯನ್ನು ‘ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ನಿಗೆ ಬೇಕಾದೀತು’ ಎಂದು ಬಿಡಿಸಿಕೊಳ್ಳದೆ ಹೋಗುವವರಿದ್ದಾರೆ. ಮೂರು ನಾಲ್ಕು ದಿನಕ್ಕೆ ಅಲ್ಲಿ ಕೀವು ಕಟ್ಟಿ ಸೋಂಕು ರಕ್ತಕ್ಕೆ ಇಳಿಯಬಹುದು. ತೆಗೆಸಿ, ಹತ್ತಿ ಇಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಔಷಧ ನಡೆಯುತ್ತಿದ್ದರೆ ಇನ್ನಷ್ಟು ಹೊತ್ತು. ಮೂತ್ರದ ನಳಿಕೆ, ಮೂಗಿನ ನಳಿಕೆ ಇಟ್ಟುಕೊಂಡೇ ಹೋಗಬೇಕಾದರೆ ಹಾಕಿದ ದಿನಾಂಕ ಬರೆಸಿ, ಸ್ವಚ್ಛ ಮಾಡುವ ಕ್ರಮವನ್ನು ಸಿಸ್ಟರ್ ಮುಂದೆ ನೀವೇ ಒಮ್ಮೆ ಮಾಡಿ ತೋರಿಸಿ.

ಮರಳಿ ಬರಬೇಕಾಗಿ ಬಂದರೆ 108ಕ್ಕೆ ಕರೆ ಮಾಡಿ, ಸಾಧ್ಯವಾದರೆ ಅದೇ ಆಸ್ಪತ್ರೆಗೆ ಬನ್ನಿ. ಹಳೆಯ ದಾಖಲೆ ಅಲ್ಲೇ ಇರುತ್ತದೆ. ಕ್ಯಾಶುವಲ್ಟಿಯಲ್ಲಿ ಲಾಮಾ ಹೋದ ವಿಷಯ ಮುಚ್ಚಿಡಬೇಡಿ. ಎಂದು ಹೊರಟಿರಿ, ಅಂದಿನಿಂದ ಯಾವ ಮಾತ್ರೆ ಎಷ್ಟು ತೆಗೆದುಕೊಂಡಿರಿ, ನಡುವೆ ಕಷಾಯವೋ ನಾಟಿ ಮದ್ದೋ ಕೊಟ್ಟಿದ್ದರೆ ಅದೇನು, ತೊಂದರೆ ಶುರುವಾದದ್ದು ಎಷ್ಟು ಗಂಟೆಗೆ ಎಂದು ಮೊದಲ ಉಸಿರಿನಲ್ಲೇ ಹೇಳಿ. ಯಾವ ಚಿಕಿತ್ಸೆಯಿಂದ ಶುರು ಮಾಡಬೇಕು ಎಂದು ಕ್ಯಾಶುವಲ್ಟಿಯ ವೈದ್ಯರು ನಿರ್ಧರಿಸುವುದು ಈ ಉತ್ತರಗಳಿಂದ.